ಉತ್ತರ ಬೇಡವೆಂದ ನಾದಿನಿ

ನನ್ನ ಹೆಂಡತಿಯ ತಂಗಿ ಖಗೋಳ ವಿಜ್ಞಾನಿ. ಈ ಮಾತನ್ನು ಹಲವರ ಮುಂದೆ, ಆಕಾಶವನ್ನು ನಾನೇ ಅವಳಿಗೆ ಬಳುವಳಿಯಾಗಿ ಕೊಟ್ಟವನಂತೆ, ಎದೆಯುಬ್ಬಿಸಿ ಹೇಳಿಕೊಂಡಿದ್ದೇನೆ. ಖಗೋಳ ವಿಜ್ಞಾನಿ ಎಂದರೆ ಹಗಲೆಲ್ಲ ಮಲಗಿ, ಕತ್ತಲಾದ ಮೇಲೆ ಬೆಟ್ಟದ ತುದಿಯಲ್ಲಿ ಕಂಬಳಿ ಹೊದ್ದು ದೂರದರ್ಶಕಕ್ಕೆ ಕಣ್ಣು ಕೊಟ್ಟು ಕೂರುವ ಪ್ರಾಣಿ ಎಂದು ನಾನು ನಂಬಿದ್ದೆ. ಹಾಗಾಗಿ ಅವಳು ಕೆಲಸದ ಮೇಲೆ ನಮ್ಮೂರಿಗೆ ಬಂದು ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಇಳಿದುಕೊಂಡ ವಾರವೇ, ಅವಳನ್ನು ಒಂದು ಮಾತೂ ಕೇಳದೆ, ಬೀದಿಯ ಸಂಸಾರಗಳನ್ನೆಲ್ಲ ಸಂಜೆ ತಾರಸಿಗೆ ಕರೆದೆ. ಕುರ್ಚಿ ಹಾಕಿಸಿದೆ. ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರು ಮಫ್ಲರ್ ಸುತ್ತಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂತರು.

"ಅಲ್ಲಿ ಹೊಳೀತಿದೆಯಲ್ಲ, ಅದು ಯಾವುದಮ್ಮಾ?" ಎಂದರು.

ನಾದಿನಿ ಕಣ್ಣು ಕಿರಿದು ಮಾಡಿ ನೋಡಿದಳು. "ಮೊಬೈಲ್ ಟವರ್ ದೀಪ ಇರ್ಬೇಕು ಸರ್."

"ಟವರೇ! ಅದು ಶುಕ್ರ ಗ್ರಹ ಕಣಮ್ಮಾ!"

"ಹೌದಾ? ಹಾಗಾದ್ರೆ ಶುಕ್ರಾನೇ ಇಟ್ಕೊಳ್ಳಿ."

"ಹೋಗಲಿ, ಧ್ರುವ ನಕ್ಷತ್ರವನ್ನಾದರೂ ತೋರಿಸು."

ಅವಳು ನನ್ನ ಕಡೆ ತಿರುಗಿ, "ಭಾವಾ, ನಿಮ್ಮ ನೀರಿನ ಟ್ಯಾಂಕ್ ಯಾವ ದಿಕ್ಕಿಗಿದೆ?" ಎಂದಳು. ಆಮೇಲೆ ಒಂದು ಆಕಳಿಕೆ ತೆಗೆದು, ಬೆಳಿಗ್ಗೆ ಬೇಗ ಬಸ್ಸು ಹಿಡಿಯಬೇಕೆಂದು ಹೇಳಿ ಮಲಗಲು ಹೋದಳು. ಹೆಡ್‌ಮಾಸ್ತರರು ಉಳಿದ ನಕ್ಷತ್ರಗಳನ್ನು ನಮಗೆಲ್ಲ ಪರಿಚಯಿಸಿ, ಇಳಿದು ಹೋಗುವಾಗ ನನ್ನ ಹೆಗಲು ತಟ್ಟಿ, "ಡಿಗ್ರಿ ಎಲ್ಲಿ ಮಾಡಿದ್ದು ಅಂತ ಒಂದ್ಸಲ ವಿಚಾರಿಸಿ" ಎಂದರು.

ವಿಚಾರಿಸಿದೆ. ಗೊತ್ತಾದ ಸಂಗತಿ ಇಷ್ಟು: ನನ್ನ ನಾದಿನಿ ದೂರದರ್ಶಕಕ್ಕೆ ಕಣ್ಣಿಟ್ಟದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಶಾಲೆಯ ಪ್ರವಾಸದಲ್ಲಿ, ಮೋಡ ಕವಿದ ದಿನ. ಅವಳು ಬ್ಯಾಂಕಿನವರ ಹಾಗೆ ಬೆಳಿಗ್ಗೆ ಹೋಗಿ ಸಂಜೆ ಬರುತ್ತಾಳೆ. ಕೂರುವುದು ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿ, ಜನರೇಟರ್ ಕೋಣೆಯ ಪಕ್ಕ. ಕಿಟಕಿ ಇಲ್ಲ. ಯಂತ್ರಗಳಿಗೆ ಸೆಖೆಯಾಗಬಾರದೆಂದು ಅಲ್ಲಿ ಎಷ್ಟು ತಂಪು ಬಿಡುತ್ತಾರೆಂದರೆ ಬೇಸಗೆಯಲ್ಲೂ ಅವಳು ಸ್ವೆಟರ್ ತೊಟ್ಟೇ ಇರುತ್ತಾಳೆ. ಗೋಡೆಯ ಮೇಲೆ 'ಇಲ್ಲಿ ತಿಂಡಿ ತಿನ್ನಬಾರದು' ಎಂಬ ಫಲಕವಿದೆ. ಅದರ ಮೊಳೆಗೇ ಬಿಸ್ಕತ್ತಿನ ಚೀಲ ತೂಗುಹಾಕಿರುತ್ತಾರೆ. ಬ್ರಹ್ಮಾಂಡದ ಅಧ್ಯಯನ ನಡೆಯುವುದು ಇಲ್ಲಿ.

ಅಧ್ಯಯನಕ್ಕೆ ಬೇಕಾದ ಚಿತ್ರಗಳಾದರೂ ಅವಳವಾಗಿದ್ದರೆ ಒಂದು ಮಾತು. ಅವೂ ಬೇರೆಯವರವು. ಎಷ್ಟೋ ವರ್ಷದ ಕೆಳಗೆ ಯಾವುದೋ ಬೆಟ್ಟದ ಮೇಲೆ ಯಾರೋ, ಭೂಮಿಯ ಆಸುಪಾಸಿನಲ್ಲಿ ಅಲೆಯುವ ಕಲ್ಲುಬಂಡೆಗಳನ್ನು ಪತ್ತೆಹಚ್ಚಲು, ಆಕಾಶದ ದೊಡ್ಡ ಹರವನ್ನು ಒಂದೇ ಏಟಿಗೆ ಹಿಡಿಯುವ ಕ್ಯಾಮೆರಾದಲ್ಲಿ ರಾಶಿ ರಾಶಿ ಚಿತ್ರ ತೆಗೆದರು. ಕಲ್ಲು ಸಿಕ್ಕಿತು, ಸನ್ಮಾನವಾಯಿತು, ಶಾಲು ಮಡಚಿಟ್ಟರು. ಚಿತ್ರಗಳು ಉಗ್ರಾಣ ಸೇರಿದವು. ಅವನ್ನೇ ಇವಳು, ನಮ್ಮೂರಿಗೆ ಬರುವ ಮೊದಲಿನಿಂದಲೂ, ಏಳು ವರ್ಷದಿಂದ ಕೆದಕುತ್ತಿದ್ದಾಳೆ.

"ಮದುವೆ ಆಲ್ಬಮ್ಮಲ್ಲಿ ಎಲ್ಲರೂ ಹೆಣ್ಣು-ಗಂಡು ನೋಡ್ತಾರೆ ಭಾವಾ. ನಾನು ಹಿಂದೆ ನಿಂತಿರೋ ಜನಾನ ನೋಡ್ತೀನಿ," ಎಂದಳು ಒಂದು ಭಾನುವಾರ, ಅಡುಗೆಮನೆಯಲ್ಲಿ.

"ಅವರೆಲ್ಲ ಮಸುಕಾಗಿರ್ತಾರಲ್ಲಮ್ಮಾ?"

"ಮಸುಕಾಗಿರೋರೇ ಬೇಕು."

ಆ ಮಸುಕು ಚುಕ್ಕೆಗಳು ದೂರದೂರದ ಗ್ಯಾಲಕ್ಸಿಗಳು. ಅಲ್ಲೇ ಒಂದು ಗಾಜಿನ ಲೋಟ ತೆಗೆದು, ನಾನು ಓದುತ್ತಿದ್ದ ಪೇಪರಿನ ಮೇಲೆ ಇಟ್ಟಳು. ಲೋಟದ ತಳದಲ್ಲಿ ಅಕ್ಷರಗಳೆಲ್ಲ ಸೊಟ್ಟಗಾಗಿ ಬಾಗಿದವು. "ಈಗ ಈ ಲೋಟ ಕಣ್ಣಿಗೆ ಕಾಣಲ್ಲ ಅಂದ್ಕೊಳ್ಳಿ. ಅಕ್ಷರ ಸೊಟ್ಟಗಾಗಿದೆ ಅಂದ್ರೆ ಮೇಲೆ ಏನೋ ಇದೆ ಅಂತ ಗೊತ್ತಾಗತ್ತೆ ತಾನೆ? ಆಕಾಶದಲ್ಲೂ ಅಷ್ಟೇ. ನಡುವೆ ಭಾರ ಇದ್ರೆ ಹಿಂದಿನ ಬೆಳಕು ಬಾಗತ್ತೆ. ಭಾರ ಕಾಣಲ್ಲ, ಬಾಗಿದ್ದು ಕಾಣತ್ತೆ."

"ಹಾಗಾದರೆ ಸುಲಭ. ಸೊಟ್ಟಗಿರುವ ಗ್ಯಾಲಕ್ಸಿ ಹುಡುಕಿದರಾಯಿತು."

"ಹುಟ್ಟಾ ಸೊಟ್ಟಗಿರೋವೂ ಇದಾವಲ್ಲ! ಒಬ್ಬ ವಾಲಿದ್ರೆ ಕುಡಿದಿದಾನೆ ಅನ್ಬಹುದು. ಇಡೀ ಬೀದಿ ಒಂದೇ ಕಡೆ ಒಂಚೂರು ವಾಲಿದ್ರೆ ನೆಲಾನೇ ಓರೆ ಅಂತ ತಾನೆ? ಅದಕ್ಕೇ ಕೋಟಿಗಟ್ಟಲೆ ಅಳೀಬೇಕು."

ಹೀಗೆ ಕೋಟಿಗಟ್ಟಲೆ ಅಳೆದು, ಕಣ್ಣಿಗೆ ಕಾಣದ ಭಾರ ಬ್ರಹ್ಮಾಂಡದಲ್ಲಿ ಹೇಗೆ ಹರಡಿದೆ ಎಂದು ಹೇಳುವುದು ಅವಳ ಕಸುಬು. ಕಲಸಿದ ಹಿಟ್ಟಿನ ಹಾಗೆ ಅದು ತುಂಬಾ ಗಂಟುಗಂಟಾಗಿದೆಯೋ, ನುಣ್ಣಗಿದೆಯೋ? ಪ್ರಶ್ನೆ ಇಷ್ಟೆ. ಇದಕ್ಕಾಗಿ ದೊಡ್ಡ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟಿದ್ದಾರಂತೆ.

ಅಂಥ ದೊಡ್ಡವರಲ್ಲಿ ಒಬ್ಬರು ಅವಳ ಸಂಸ್ಥೆಯ ನಿರ್ದೇಶಕರೇ. ಸಿಬ್ಬಂದಿಯ ಬಾಯಲ್ಲಿ ಅವರ ಹೆಸರು 'ಉದ್ಘಾಟಕರು'. ಹೊಸ ಪ್ರಿಂಟರ್ ಬಂದರೂ ರಿಬ್ಬನ್ ಕಟ್ಟಿಸಿ ಕತ್ತರಿಸುತ್ತಿದ್ದರು. ಕೆಟ್ಟು ರಿಪೇರಿಯಾಗಿ ಬಂದರೆ ಮರು-ಉದ್ಘಾಟನೆ. ಬ್ರಹ್ಮಾಂಡದಲ್ಲಿ ಗಂಟು ಕಡಿಮೆ ಎಂದು ಅವರು ಭಾಷಣದ ಮೇಲೆ ಭಾಷಣ ಮಾಡುತ್ತ ಬಂದವರು. ನಿವೃತ್ತಿ ಹತ್ತಿರವಾಗಿತ್ತು. ತಮ್ಮ ಬೀಳ್ಕೊಡುಗೆ ಸಮಾರಂಭದಲ್ಲಿ ಬ್ರಹ್ಮಾಂಡವೇ ಎದ್ದು ನಿಂತು ಹೌದೌದೆನ್ನಬೇಕೆಂಬ ಸಣ್ಣದೊಂದು ಆಸೆ ಅವರಿಗಿತ್ತು. ನಾದಿನಿಯ ಕೆಲಸ ವರ್ಷದಿಂದ ವರ್ಷಕ್ಕೆ ಮುಂದುವರಿಸುವ ಜಾತಿಯದು. ಮುಂದುವರಿಸುವ ಸಹಿ ಅವರದೇ.

ಈ ಕಸುಬಿನವರಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ಉತ್ತರ ಏನು ಬರಲಿ ಎಂಬ ಆಸೆ ಮನಸ್ಸಿನಲ್ಲಿದ್ದರೆ ಕೈ ತಾನಾಗಿ ಆ ಕಡೆಗೇ ವಾಲುತ್ತದಂತೆ. ಆದ್ದರಿಂದ ಅಳತೆಯ ಮೂರು ಪ್ರತಿ ಮಾಡಿಸುತ್ತಾರೆ. ಒಂದು ನಿಜ, ಎರಡು ಬೇಕೆಂದೇ ತಿರುಚಿದ ಸುಳ್ಳು. ನಿಜ ಯಾವುದೆಂದು ಹೊರಗಿನ ಒಬ್ಬನಿಗೆ ಮಾತ್ರ ಗೊತ್ತು. ಕೆಲಸ ಮಾಡುವವರು ಮೂರನ್ನೂ ಸಮನಾಗಿ ತೊಳೆದು, ಬಳಿದು, ತಪ್ಪು ತಿದ್ದಿ, ಇನ್ನು ಒಂದಕ್ಷರವನ್ನೂ ಬದಲಿಸುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಗುಟ್ಟು ಒಡೆಯಬೇಕು. ನಾದಿನಿ ತನ್ನ ಮೂರು ಪ್ರತಿಗಳನ್ನು ಹಿರಿಮಗ, ನಡುಮಗ, ಕಿರಿಮಗ ಎನ್ನುತ್ತಿದ್ದಳು. "ಹೆತ್ತದ್ದು ಯಾವುದು ಅಂತ ಗೊತ್ತಿಲ್ಲ, ಅದಕ್ಕೇ ಮೂವರಿಗೂ ಒಂದೇ ಅಳತೆ ತುತ್ತು," ಎಂದು ನಗುತ್ತಿದ್ದಳು. ಹಿರಿಮಗನಲ್ಲಿ ಗಂಟು ಜಾಸ್ತಿ, ನಡುಮಗನಲ್ಲಿ ಕಡಿಮೆ, ಕಿರಿಮಗ ಎಲ್ಲ ಕಿರಿಮಕ್ಕಳ ಹಾಗೆ ಯಾರ ಮಾತಿಗೂ ಸಿಕ್ಕದವನು.

ನನ್ನ ಹೆಂಡತಿಗೆ ಇದೇನೂ ಆಶ್ಚರ್ಯವಾಗಲಿಲ್ಲ. "ಚಿಕ್ಕವಳಿದ್ದಾಗ ಲೆಕ್ಕದ ಪುಸ್ತಕದ ಕೊನೇಲಿ ಉತ್ತರ ಇರೋ ಹಾಳೆಗಳನ್ನ ಗೋಂದು ಹಾಕಿ ಅಂಟಿಸ್ಬಿಟ್ಟಿದ್ಲು ರೀ. ಆ ವರ್ಷ ಪಾಸಾಗಿದ್ದೇ ಹೆಚ್ಚು," ಎಂದಳು.

ಗುಟ್ಟು ಕಾಯುವವನಾಗಿ ಗಣಿತ ವಿಭಾಗದ ಒಬ್ಬ ಮೌನಿಯನ್ನು ಆರಿಸಿದ್ದರು. ಲಿಫ್ಟಿನಲ್ಲಿ ನಮಸ್ಕಾರ ಎಂದರೂ ಅವನು ಮಾತಾಡುವವನಲ್ಲ. ಒಂದು ದಿನ ಉದ್ಘಾಟಕರು ಅವನ ಕೋಣೆಗೆ ದಯಮಾಡಿಸಿ, ಎದುರು ಕುರ್ಚಿಯಲ್ಲಿ ಕೂತು, "ಹಿರಿಯವನಾ?" ಎಂದರು. ಮೌನಿ ಸುಮ್ಮನಿದ್ದ. "ನಡುವಿನವನಾ?" ಎಂದರು. ಮೌನಿ ತನ್ನ ವ್ರತಕ್ಕೆ ಸ್ವಲ್ಪವೂ ಭಂಗ ತರದೆ, ಬಾಯಿ ಮುಚ್ಚಿಕೊಂಡೇ ಹೌದೆಂದು ತಲೆ ಆಡಿಸಿದ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಾದಿನಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಉದ್ಘಾಟಕರು ದೂರದಿಂದಲೇ ಕೈಯೆತ್ತಿ, "ಕಂಗ್ರಾಜುಲೇಷನ್ಸಮ್ಮಾ! ನಡುವಿನವನೇ ಅಂತೆ!" ಎಂದು ಕೂಗಿದರು. ಊಟ ಮಾಡುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಅಂದು ಅವಳು ಬೇಗ ಮನೆಗೆ ಬಂದಳು. ಚಪ್ಪಲಿಯನ್ನೂ ಬಿಡದೆ ಮಹಡಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮುಖ ನೋಡಿದ ನನ್ನ ಹೆಂಡತಿಗೆ ಯಾರೋ ತೀರಿಕೊಂಡರೆಂದೇ ಅನ್ನಿಸಿತು.

"ಏನಾಯ್ತೇ? ಬಾಯಿ ಬಿಟ್ಟು ಹೇಳೇ."

"ಉತ್ತರ ಗೊತ್ತಾಗ್ಬಿಡ್ತು ಅಕ್ಕಾ."

"ಭೇಷ್! ಸಿಹಿ ತರಲಾ?" ಎಂದು ನಾನು ಆಗಲೇ ಜೇಬಿಗೆ ಕೈ ಹಾಕಿದ್ದೆ. ಅಕ್ಕ ತಂಗಿ ಇಬ್ಬರೂ ಒಟ್ಟಿಗೆ ನೋಡಿದ ನೋಟಕ್ಕೆ ಆ ಕೈ ಅಲ್ಲೇ ಉಳಿಯಿತು.

ತೊಂದರೆ ಏನೆಂದರೆ ಕೆಲಸ ಇನ್ನೂ ಮುಗಿದಿರಲಿಲ್ಲ. ಹಳೆಯ ಚಿತ್ರಗಳಲ್ಲಿ ಒಂದು ಭಾಗಕ್ಕೆ ಅವಳು 'ಓರೆ ಕಂತೆ' ಎಂದು ಹೆಸರಿಟ್ಟಿದ್ದಳು. ಆ ದೂರದರ್ಶಕವನ್ನು ಯಾವಾಗಲೋ ರಿಪೇರಿ ಮಾಡಿ ಮತ್ತೆ ಜೋಡಿಸುವಾಗ ಎಲ್ಲೋ ಒಂದು ಕೂದಲೆಳೆ ವಾಲಿತ್ತೇನೋ. ಆಮೇಲೆ ತೆಗೆದ ಚಿತ್ರಗಳಲ್ಲಿ ಎಲ್ಲವೂ ಒಂದಿಷ್ಟು ಒಂದೇ ಕಡೆ ಎಳೆದಂತೆ ಇತ್ತು. ಆಕಾಶದ ಬಾಗೋ, ಕೊಳವೆಯ ಬಾಗೋ? ಇದನ್ನು ತಿಳಿಯಲು ನಕ್ಷತ್ರಗಳಿವೆ. ನಕ್ಷತ್ರ ಚಿತ್ರದಲ್ಲಿ ದುಂಡಗೇ ಕಾಣಬೇಕು. ಅದೂ ಉದ್ದವಾಗಿದ್ದರೆ ತಪ್ಪು ನಮ್ಮ ಕಡೆಯದು. ತಪ್ಪನ್ನು ಲೆಕ್ಕದಲ್ಲಿ ತಿದ್ದಿ ಕಂತೆಯನ್ನು ಉಳಿಸಿಕೊಳ್ಳಬಹುದು, ಇಲ್ಲವೇ ಕಂತೆಯನ್ನೇ ಎಸೆಯಬಹುದು. ಎರಡಕ್ಕೂ ನ್ಯಾಯವಾದ ಕಾರಣಗಳಿದ್ದವು. ಎಸೆದರೆ ಗಂಟು ಹೆಚ್ಚುತ್ತದೆಂದು ಅವಳಿಗೆ ಅಂದಾಜಿತ್ತು. ನಿಜ ಯಾವುದೆಂದು ಗೊತ್ತಿರದಿದ್ದಾಗ ಆ ಅಂದಾಜಿನಿಂದ ಲಾಭವೂ ಇರಲಿಲ್ಲ, ನಷ್ಟವೂ ಇರಲಿಲ್ಲ.

"ಈಗ ಉಳಿಸ್ಕೊಂಡ್ರೆ ಸಾಹೇಬ್ರನ್ನ ಮೆಚ್ಚಿಸೋಕೆ ಅಂತಾರೆ. ಎಸೆದ್ರೆ ಅವರ ಮೇಲಿನ ಸಿಟ್ಟಿಗೆ ಅಂತಾರೆ. ಜನ ಬಿಡಿ ಭಾವಾ, ನಂಗೇ ಗೊತ್ತಾಗಲ್ಲ ಯಾಕೆ ಮಾಡ್ದೆ ಅಂತ. ಏಳು ವರ್ಷದ್ದು ಇನ್ನು ಕಸದ ಬುಟ್ಟಿಗೇ."

ಮರುದಿನ ಅವಳು ಉದ್ಘಾಟಕರ ಕೋಣೆಗೆ ಹೋಗಿ, ಪ್ರತಿಗಳನ್ನು ಹೊಸದಾಗಿ ತಿರುಚಿಸಬೇಕು, ಸಮಯ ಬೇಕು ಎಂದಳು.

"ಯಾಕಮ್ಮಾ? ಸರಿಯಾದ ಉತ್ತರ ಬಂದಿದೆಯಲ್ಲ!"

"ಸರಿ ಅಂತ ಹೇಗೆ ಸರ್ ಗೊತ್ತು?"

"ನಾನು ಮೊದಲಿನಿಂದ ಹೇಳ್ತಿದ್ದದ್ದೇ ಅದು!" ಎಂದರು ಉದ್ಘಾಟಕರು. ಇದಕ್ಕಿಂತ ಗಟ್ಟಿ ಪುರಾವೆ ವಿಜ್ಞಾನದಲ್ಲಿ ಇನ್ನೇನು ಬೇಕು ಎಂಬಂತೆ ಕುರ್ಚಿಗೆ ಒರಗಿದರು. ಆಮೇಲೆ ಸ್ವಲ್ಪ ಬಾಗಿ, ದನಿ ತಗ್ಗಿಸಿ, "ನಿನ್ನ ಮುಂದುವರಿಕೆ ಕಾಗದ ನನ್ನ ಮೇಜಿನ ಮೇಲೇ ಇದೆ. ಸಮಾರಂಭ ಒಂದು ಮುಗೀಲಿ, ನೋಡೋಣ," ಎಂದರು.

ಪ್ರತಿಗಳನ್ನು ಹೊಸದಾಗಿ ತಿರುಚಲು ದೂರದ ಬೇರೊಂದು ಸಂಸ್ಥೆಯವರು ಒಪ್ಪಿದರು. ಅಲ್ಲಿಗೆ ಹೋಗಿ ಎದುರು ಕುರ್ಚಿಯಲ್ಲಿ ಕೂರುವುದು ಉದ್ಘಾಟಕರಿಗೂ ಕಷ್ಟ. ಆದರೆ ಓರೆ ಕಂತೆಯ ತೀರ್ಮಾನ? ಅದನ್ನು ಉತ್ತರ ಗೊತ್ತಿಲ್ಲದವರೇ ಮಾಡಬೇಕು. ಕೆಲಸ ಗೊತ್ತಿರುವವರೂ ಆಗಿರಬೇಕು. ಕೆಲಸ ಗೊತ್ತಿಲ್ಲದವರು ಊರು ತುಂಬ ಸಿಗುತ್ತಾರೆ, ಮನೆಯಲ್ಲಿ ನಾನೇ ಇದ್ದೆ. ಉತ್ತರ ಗೊತ್ತಿಲ್ಲದವರಿಗೆ ಮಾತ್ರ ಬರಗಾಲ. ಚಪ್ಪಾಳೆಯ ಸದ್ದು ಕಟ್ಟಡದ ಎಲ್ಲ ಮಹಡಿಗಳನ್ನೂ ಮುಟ್ಟಿತ್ತು. ಗೇಟಿನ ವಾಚ್‌ಮನ್ ಕೂಡ ಸೆಲ್ಯೂಟ್ ಹೊಡೆದು, "ನಡುವಿನವನೇ ಅಂತಲ್ಲ ಮೇಡಂ, ಸುಖಪ್ರಸವ!" ಎಂದಿದ್ದ.

ಉಳಿದವಳು ಒಬ್ಬಳೇ, ಅವಳ ಜೊತೆಗಾತಿ. ಹೆರಿಗೆ ರಜೆಯಲ್ಲಿದ್ದಳು. ಮಗು ಹುಟ್ಟಿದ ಮೇಲೆ ಆಫೀಸಿನ ವಾಟ್ಸಾಪ್ ಗುಂಪಿನ ಸದ್ದಡಗಿಸಿ, ಅದರ ಕಡೆ ತಲೆಹಾಕಿಯೂ ಮಲಗುವುದಿಲ್ಲವೆಂದು ಆಣೆ ಮಾಡಿದ್ದಳಂತೆ.

"ಭಾವಾ, ಕಾರು ತೆಗೀರಿ. ಯಾರಾದ್ರೂ ಮಗು ನೋಡೋಕೆ ಹೋಗಿ ಬಾಯಿಬಿಡೋದ್ರೊಳಗೆ ನಾವು ಹೋಗ್ಬೇಕು," ಎಂದಳು ನಾದಿನಿ.

"ಇವರು ಒಳಗೇ ಬರೋದು ಬೇಡ ಕಣೇ, ಕಾರಲ್ಲೇ ಕೂರಿಸು," ಎಂದಳು ನನ್ನ ಹೆಂಡತಿ. "ಇವರ ಹೊಟ್ಟೇಲಿ ಅನ್ನ ನಿಲ್ಲತ್ತೆ, ಮಾತು ನಿಲ್ಲಲ್ಲ."

ಈ ಅಪವಾದವನ್ನು ಸುಳ್ಳು ಮಾಡಬೇಕೆಂದೇ ಹಟ ಹಿಡಿದು ಒಳಗೆ ಹೋದೆ. ಮೂರನೆಯ ಮಹಡಿಯ ಸಣ್ಣ ಮನೆ. ಬಾಗಿಲು ತೆರೆದದ್ದು ಬಾಣಂತಿಯ ತಾಯಿ. ನಡುಮನೆಯ ತುಂಬ ಹಗ್ಗ ಕಟ್ಟಿ ಮಗುವಿನ ಬಟ್ಟೆ ಒಣಹಾಕಿದ್ದರು. ಅವುಗಳ ಕೆಳಗೆ ಬಗ್ಗಿಕೊಂಡು ಸೋಫಾ ತಲುಪಿದೆವು. ಬಾಣಂತಿ ಎದ್ದು ಬಂದು, ಮಗುವನ್ನು ಚೀಲ ಕೊಡುವಂತೆ ನನ್ನ ಕೈಗಿತ್ತು, ನಾದಿನಿಯನ್ನು ಎಳೆದು ಕೂರಿಸಿಕೊಂಡಳು.

"ಅಬ್ಬಾ, ಹೊರಗಿನೋರ ಮುಖ ನೋಡಿ ಎಷ್ಟು ದಿನ ಆಯ್ತೇ! ಏನ್ ಸಮಾಚಾರ ಆಫೀಸಲ್ಲಿ? ಎಲ್ಲಾ ಹೇಳು."

"ಏನಿಲ್ಲ. ಅದೇ ಮಾಮೂಲಿ," ಎಂದಳು ನಾದಿನಿ. ಇಷ್ಟು ಹಸಿ ಸುಳ್ಳನ್ನು ಅವಳು ಅದಕ್ಕೆ ಮೊದಲು ಹೇಳಿದ್ದಿಲ್ಲವೆಂದು ಅವಳ ಕಿವಿಯ ಕೆಂಪೇ ಹೇಳುತ್ತಿತ್ತು. "ಈ ಕಂತೆ ಒಂಚೂರು ನೋಡ್ಕೊಡ್ತೀಯಾ? ಇಡೋದೋ ಎಸೆಯೋದೋ ಹೇಳು ಸಾಕು."

"ಮೂರು ಪ್ರತಿ ಏನಾಯ್ತು? ಗುಟ್ಟು ಯಾವಾಗ ಒಡೀತೀರಿ?"

"ಅದು... ಇನ್ನೂ ಟೈಮಿದೆ."

ಬಾಣಂತಿ ನನ್ನ ಕಡೆ ತಿರುಗಿದಳು. "ಏನ್ ಭಾವಾ, ನೀವಾದ್ರೂ ಹೇಳಿ, ಇವ್ಳು ಏನೋ ಮುಚ್ಚಿಡ್ತಿದಾಳೆ."

ನಾನು ಮಗುವಿನ ಮುಖವನ್ನೇ ನೋಡುತ್ತ ಲಾಲಿ ಗುನುಗಿದೆ. ಮಗು ಅಳತೊಡಗಿತು.

ಅಷ್ಟರಲ್ಲಿ, ನನ್ನ ಪಕ್ಕದಲ್ಲೇ ಸೋಫಾದ ಮೇಲೆ ಬಿದ್ದಿದ್ದ ಬಾಣಂತಿಯ ಫೋನು ಸದ್ದಿಲ್ಲದೆ ಬೆಳಗಿತು. ಓರೆಗಣ್ಣಿನಲ್ಲಿ ನೋಡಿದರೆ, ಗುಂಪಿಗಲ್ಲ, ಅವಳೊಬ್ಬಳಿಗೇ ಉದ್ಘಾಟಕರ ಸಂದೇಶ! 'ನಿನಗೂ ಅಭಿನಂದನೆ, ನಡು...' ಎಂಬಲ್ಲಿಗೆ ಸಾಲು ನಿಂತಿತ್ತು. ಮಹಾನುಭಾವರು ಒಬ್ಬರನ್ನೂ ಬಿಟ್ಟಿರಲಿಲ್ಲ. ಬಾಣಂತಿ ಇನ್ನೇನು ಈ ಕಡೆ ತಿರುಗುವಳೆಂಬಾಗ ನಾನು ಒಂದು ಕೈಯಲ್ಲಿ ಮಗುವನ್ನು ಅವುಚಿಕೊಂಡು ಇನ್ನೊಂದು ಕೈಯಲ್ಲಿ ಫೋನನ್ನು ಸರಕ್ಕನೆ ತೊಡೆಯ ಕೆಳಗೆ ಸರಿಸಿ ಅದರ ಮೇಲೆ ಕೂತೆ.

ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಅವಳ ತಾಯಿ ಇದೆಲ್ಲವನ್ನೂ ಕಣ್ಣಾರೆ ಕಂಡರು.

"ಏನ್ರೀ ಅದು? ನನ್ನ ಮಗಳ ಫೋನ್ ಅಲ್ವಾ?"

"ಬೆಳಕು... ಮಗುವಿನ ಕಣ್ಣಿಗೆ ಹೊಡೀತಿತ್ತು," ಎಂದೆ.

"ಬೆಳಕು ಕಣ್ಣಿಗೆ ಹೊಡೆದ್ರೆ ಫೋನ್ ಮಗುಚಿಡ್ತಾರೆ. ಅಡೀಲಿ ಹಾಕ್ಕೊಂಡು ಕೂರ್ತಾರಾ? ನೋಡಿದ್ರೆ ಸಭ್ಯರ ಹಾಗಿದೀರಿ!"

ನಾದಿನಿ ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು. "ಇರ್ಲಿ ಬಿಡಿ ಅಮ್ಮಾ, ನಮ್ಮ ಭಾವನಿಗೆ ಅದೊಂದು ಕಾಯಿಲೆ. ಹೋಗೋವಾಗ ಕೊಡ್ತಾರೆ," ಎಂದಳು. ಆ ತಾಯಿ ನನ್ನ ಕಾಫಿಯನ್ನು ಅಷ್ಟು ದೂರದಲ್ಲಿಟ್ಟು, ಮಗುವನ್ನು ಕಿತ್ತುಕೊಂಡು, ನನ್ನೆದುರಿಗೇ ಕಾವಲು ಕೂತರು. ಬ್ರಹ್ಮಾಂಡದ ಮಾನ ಉಳಿಸಲು ನಾನು ನನ್ನ ಮಾನವನ್ನು ತೊಡೆಯಡಿಯಲ್ಲಿಟ್ಟುಕೊಂಡು ಕೂತಿದ್ದೆ.

ಬಾಣಂತಿ, ನಾದಿನಿ ತಂದಿದ್ದ ಲ್ಯಾಪ್‌ಟಾಪಿಗೆ ಮುಖ ಕೊಟ್ಟು ಬಹಳ ಹೊತ್ತು ನೋಡಿದಳು. ನಡುವೆ ಎದ್ದು ಹೋಗಿ ಮಗುವಿಗೆ ಹಾಲು ಕೊಟ್ಟು ಬಂದು ಮತ್ತೆ ನೋಡಿದಳು. ನಾದಿನಿ ಉಗುರು ಕಚ್ಚುತ್ತ ಗೋಡೆಯ ಕಡೆ ತಿರುಗಿ ಕೂತಿದ್ದಳು; ತನ್ನ ಮುಖದಲ್ಲಿ ಎಲ್ಲಿ ಉತ್ತರ ಕಂಡುಬಿಡುತ್ತದೋ ಎಂಬ ಭಯ.

"ಎಸಿ," ಎಂದಳು ಬಾಣಂತಿ ಕೊನೆಗೆ.

"ಖಂಡಿತಾನಾ? ತಿದ್ದೋಕಾಗಲ್ವಾ?"

"ನಕ್ಷತ್ರ ನೋಡೇ, ಒಂದೊಂದೂ ಅಕ್ಕಿಕಾಳಿನ ಹಾಗಿದೆ. ಮೂಲೇಲಿ ಒಂಥರಾ, ನಡುವೆ ಒಂಥರಾ. ಇದನ್ನ ತಿದ್ದಿದ್ರೆ ತಿದ್ದಿದ್ದೇ ಕಾಣತ್ತೆ, ಆಕಾಶ ಕಾಣಲ್ಲ. ಎಸಿ."

ಅಲ್ಲಿಂದಲೇ ಆ ತೀರ್ಮಾನವನ್ನು ದೂರದ ಸಂಸ್ಥೆಗೆ ಕಳಿಸಿ, ಇನ್ನು ಬದಲಿಸುವುದಿಲ್ಲವೆಂದು ಇಬ್ಬರೂ ಮಾತು ಕೊಟ್ಟರು. ಆಮೇಲೆ ನಾನು ಎದ್ದು ನಿಂತು ಫೋನನ್ನು ಎರಡೂ ಕೈಯಿಂದ ಒಪ್ಪಿಸಿದೆ. ಬಾಣಂತಿ ಓದಿದಳು. ನಾದಿನಿಯ ಬೆನ್ನಿಗೊಂದು ಗುದ್ದು ಬಿತ್ತು. "ಅಯ್ಯೋ ಕಳ್ಳೀ, ಸಾಹೇಬ್ರ ಉತ್ತರಕ್ಕೆ ನನ್ನ ಕೈಲಿ ಕತ್ತರಿ ಹಾಕಿಸಿದ್ಯಲ್ಲೇ! ನಾನೂ ಅವರ ಸಹಿ ಮೇಲೇ ಬದುಕೋಳು!" ಎಂದು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ತಾಯಿಗೆ ಮಾತ್ರ ನನ್ನ ಮೇಲಿನ ಅನುಮಾನ ಹೋಗಲಿಲ್ಲ. ಲಿಫ್ಟ್ ಬಾಗಿಲು ಮುಚ್ಚುವವರೆಗೂ ನಿಂತು ಕಾದರು.

ಸಮಾರಂಭಕ್ಕೆ ಒಂದು ವಾರವಿರುವಾಗ ದೂರದ ಸಂಸ್ಥೆಯವರು ಹೊಸ ಗುಟ್ಟನ್ನು ಒಡೆದರು. ಓರೆ ಕಂತೆ ಹೋದದ್ದರಿಂದ ಚಿತ್ರಗಳು ಕಡಿಮೆಯಾಗಿ ಉತ್ತರದ ಅನುಮಾನದ ಅಂಚು ಅಗಲವಾಗಿತ್ತು. ಗಂಟು ಜಾಸ್ತಿ ಎನ್ನುವವರೂ ಅದರೊಳಗೆ ಕೂರಬಹುದು, ಕಡಿಮೆ ಎನ್ನುವವರೂ ಕಾಲು ಚಾಚಬಹುದು. ನಾದಿನಿ ಕ್ಯಾಂಟೀನಿನ ಪ್ರಸಂಗವನ್ನೂ ಬಿಡದೆ ಎಲ್ಲವನ್ನೂ ಪ್ರಬಂಧದಲ್ಲಿ ಬರೆದಳು. ಆ ಸಾಲನ್ನು ತೆಗೆಯಬೇಕೆಂದು ಉದ್ಘಾಟಕರು ಹೇಳಿ ಕಳಿಸಿದರು. ಅವಳು ತೆಗೆಯಲಿಲ್ಲ. ಮುಂದುವರಿಕೆ ಕಾಗದವೂ ಮೇಜಿನಿಂದ ಏಳಲಿಲ್ಲ.

ಸಮಾರಂಭಕ್ಕೆ ನಾವೂ ಹೋಗಿದ್ದೆವು. ಉದ್ಘಾಟಕರು ತಮ್ಮ ಬೀಳ್ಕೊಡುಗೆಯನ್ನು ತಾವೇ ದೀಪ ಬೆಳಗಿ ಉದ್ಘಾಟಿಸಿದರು. ಭಾಷಣದಲ್ಲಿ ಹೊಸ ಫಲಿತಾಂಶವನ್ನು ಪ್ರಸ್ತಾಪಿಸಿ, "ಇದು ನಾನು ಹೇಳಿದ್ದನ್ನು ಅಲ್ಲಗಳೆಯುವುದಿಲ್ಲ" ಎಂದು ಗದ್ಗದಿತರಾದರು. ಅವರ ಪಕ್ಕದಲ್ಲಿ ಹಾರದ ಭಾರಕ್ಕೆ ಕತ್ತು ಬಾಗಿಸಿ ಕೂತಿದ್ದ ಮುಖ್ಯ ಅತಿಥಿಗಳಿಗೆ ಇಷ್ಟು ಸಾಲಲಿಲ್ಲ. ನಾದಿನಿಯನ್ನು ವೇದಿಕೆಗೆ ಕರೆಸಿ, ಬಾಯಿಗೆ ಮೈಕು ಹಿಡಿದು, "ಅಂಕಿ-ಅಂಶ ಎಲ್ಲ ಪಕ್ಕಕ್ಕಿಡಮ್ಮಾ. ನಮ್ಮಂಥ ಸಾಮಾನ್ಯರಿಗೆ ತಿಳಿಯೋ ಹಾಗೆ ಒಂದೇ ಮಾತಲ್ಲಿ ಹೇಳು. ನಿಮ್ಮ ಸಾಹೇಬರು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಸರಿ ತಾನೇ?" ಎಂದರು.

ಸಭೆ ಚಪ್ಪಾಳೆಗೆ ಕೈಯೆತ್ತಿ ಕಾದಿತ್ತು. ಉದ್ಘಾಟಕರು ವಿನಯದಿಂದ ತಲೆ ತಗ್ಗಿಸಿ, ಕಿವಿಯನ್ನು ಮಾತ್ರ ಮೇಲಿಟ್ಟುಕೊಂಡಿದ್ದರು. ಪಕ್ಕದಲ್ಲಿ ನನ್ನ ಹೆಂಡತಿ, "ಹೂಂ ಅಂದ್ಬಿಡೇ, ಏನೀಗ," ಎಂದು ತನ್ನಷ್ಟಕ್ಕೆ ಗೊಣಗಿದಳು.

"ಗೊತ್ತಿಲ್ಲ ಸರ್," ಎಂದಳು ನಾದಿನಿ ಮೈಕಿನಲ್ಲಿ. "ಸರಿ ಅಂತಾನೂ ಗೊತ್ತಿಲ್ಲ, ತಪ್ಪು ಅಂತಾನೂ ಗೊತ್ತಿಲ್ಲ. ಆ ಚಿತ್ರಗಳಲ್ಲಿ ಇರೋದೇ ಅಷ್ಟು."